ನೆನಪಿನ ಭಾರ

ದುಃಖವೇ ಇಲ್ಲದ ಊರೊಂದಿದ್ದರೆ ಹೇಗಿದ್ದೀತು? ಹಸಿವಿಲ್ಲ, ಕಲಹವಿಲ್ಲ, ಯುದ್ಧವಿಲ್ಲ. ಯಾರು ಯಾವ ಕಾಯಕ ಮಾಡಬೇಕು, ಯಾರು ಯಾರನ್ನು ವರಿಸಬೇಕು ಎಂಬುದನ್ನೆಲ್ಲ ಹಿರಿಯರ ಮಂಡಳಿಯೇ ನಿರ್ಣಯಿಸುತ್ತದೆ. ಅಮೇರಿಕದ ಲೇಖಕಿ ಲೋಯಿಸ್ ಲೌರಿಯವರು 1993ರಲ್ಲಿ ಪ್ರಕಟಿಸಿದ ‘ದಿ ಗಿವರ್’ ಎಂಬ ಕಾದಂಬರಿಯಲ್ಲಿ ಇಂತಹ ಊರೊಂದಿದೆ. ಮರುವರ್ಷ ಅದಕ್ಕೆ ಅಲ್ಲಿಯ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕವೂ ದೊರೆಯಿತು.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕ, ವಚನಗಳ ನಡುವೆ ಬೆಳೆದ ನಮಗೆ ಹದಿಹರೆಯದವರ ಕಲ್ಪನಾ ಕಥೆಗಳ ನಂಟು ಇದ್ದುದಲ್ಲ. ಹನ್ನೆರಡು ವರ್ಷದ ಮೊಮ್ಮಗಳು ಈ ಪುಸ್ತಕವನ್ನು ಮನೆಗೆ ತಂದಿದ್ದಳು. ಅದರಲ್ಲಿ ಶಿಶುಹತ್ಯೆಯ ಪ್ರಸಂಗವಿದೆಯೆಂದು ಕೇಳಿದ್ದ ಸೊಸೆ, ಮಗು ಓದಬಹುದೇ ಎಂಬುದನ್ನು ನೋಡಿ ಹೇಳಬೇಕೆಂದು ನಮ್ಮನ್ನು ಕೇಳಿಕೊಂಡಳು. ನಿಘಂಟನ್ನು ಮಗ್ಗುಲಲ್ಲಿರಿಸಿಕೊಂಡು ನಾಲ್ಕು ದಿನಗಳಲ್ಲಿ ಓದಿ ಮುಗಿಸಿದೆವು.

ಆ ಊರಿನವರಿಗೆ ಬಣ್ಣಗಳು ಕಾಣವು. ಹಿಂದಿನ ಕಾಲದ ನೆನಪಂತೂ ಇಲ್ಲವೇ ಇಲ್ಲ. ಪ್ರತಿ ಮನೆಯಲ್ಲಿಯೂ ನಿಘಂಟು, ಊರಿನ ಮಾಹಿತಿಗ್ರಂಥ, ನಿಯಮಗಳ ಪುಸ್ತಕ, ಇವಿಷ್ಟೇ. ಉಳಿದ ಗ್ರಂಥಗಳೆಲ್ಲ ಒಬ್ಬ ವೃದ್ಧನ ಕೋಣೆಯಲ್ಲಿವೆ. ಜನಾಂಗದ ಸಮಸ್ತ ನೆನಪನ್ನೂ ಅವನೊಬ್ಬನೇ ಹೊರಬೇಕು. ಅವನ ಉತ್ತರಾಧಿಕಾರಿಯಾಗಿ ಹನ್ನೆರಡರ ಬಾಲಕ ಜೋನಾಸ್ ಆಯ್ಕೆಯಾಗುತ್ತಾನೆ. ವೃದ್ಧನು ಬಾಲಕನ ಬೆನ್ನಿನ ಮೇಲೆ ಕೈಯಿರಿಸಿ ನೆನಪುಗಳನ್ನು ದಾಟಿಸುತ್ತಾನೆ. ಮೊದಲು ಹಿಮದ ಮೇಲೆ ಜಾರುವ ಸುಖ, ಅನಂತರ ಮುರಿದ ಕಾಲಿನ ನೋವು, ಕಡೆಗೆ ರಣರಂಗದ ಸಂಕಟ. ಗುರುವಿನ ಹಸ್ತಮಸ್ತಕ ಸಂಯೋಗವನ್ನು ಬಲ್ಲ ನಮ್ಮ ಓದುಗರಿಗೆ ಈ ಕಲ್ಪನೆ ದೂರದ್ದೆನಿಸದು.

ನಮ್ಮನ್ನು ಬಹುವಾಗಿ ಕಾಡಿದುದು ಅಲ್ಲಿಯ ಮಾತುಗಳ ಗತಿ. ತನ್ನ ಮೇಲೆ ಪ್ರೀತಿಯುಂಟೇ ಎಂದು ಬಾಲಕ ಕೇಳಿದರೆ ತಂದೆತಾಯಿ ನಗುತ್ತಾರೆ. ಅದು ಅರ್ಥ ಸವೆದ ಪದ, ನಿಖರವಾಗಿ ಮಾತಾಡು ಎನ್ನುತ್ತಾರೆ. ವೃದ್ಧರನ್ನೂ ನಿಯಮ ಮೀರಿದವರನ್ನೂ ಚೆನ್ನಾಗಿ ಬೆಳೆಯದ ಶಿಶುಗಳನ್ನೂ ಸೂಜಿಮದ್ದಿನಿಂದ ಕೊಲ್ಲುವುದಕ್ಕೆ ಅವರು ಇಟ್ಟ ಹೆಸರು ‘ಬಿಡುಗಡೆ’. ಅವಳಿಗಳಲ್ಲಿ ತೂಕ ಕಡಿಮೆಯಾದ ಕೂಸನ್ನು ಸ್ವಂತ ತಂದೆಯೇ ಹಾಗೆ ಕೊಲ್ಲುವುದನ್ನು ಬಾಲಕ ಕಾಣುತ್ತಾನೆ. ಭವದ ಬಿಡುಗಡೆಯನ್ನು ಕುರಿತು ಜೀವಮಾನವಿಡೀ ಓದಿದ ನಮಗೆ ಆ ಪುಟದಲ್ಲಿ ಕಣ್ಣು ಮುಂದೆ ಸಾಗಲಿಲ್ಲ. ಸಾವಿನ ನೆನಪಿಲ್ಲದವನಿಗೆ ಕೊಲೆಯೂ ಒಂದು ಕೆಲಸವಷ್ಟೇ ಆಗುತ್ತದೆ. ಆ ತಂದೆ ಕ್ರೂರಿಯಲ್ಲ, ಅರಿಯದವನು. ಅಲ್ಲಿ ಎಲ್ಲರೂ ಒಂದೇ ತೆರನಾಗಿರುವುದನ್ನೇ ಸಮತೆಯೆಂದು ಭ್ರಮಿಸಲಾಗಿದೆ. ಶರಣರ ಸಮತೆಯಾದರೋ ಭಿನ್ನ ಕಾಯಕದವರನ್ನು ಒಂದೆಡೆ ಕೂಡಿಸಿತೇ ಹೊರತು ಒಂದೇ ಅಚ್ಚಿಗೆ ಎರೆಯಲಿಲ್ಲ.

ಅಮೇರಿಕದಲ್ಲಿಯೂ ಅನೇಕ ಪೋಷಕರು ಈ ಪುಸ್ತಕ ಶಾಲೆಗಳಲ್ಲಿರಬಾರದೆಂದು ಆಕ್ಷೇಪಿಸಿದುದುಂಟು. ಅವರ ಅಂಜಿಕೆ ಹುರುಳಿಲ್ಲದ್ದಲ್ಲ. ಆದರೆ ಲೇಖಕಿ ಪದಕ ಸ್ವೀಕರಿಸಿದಾಗ ಹೇಳಿದ ಸಂಗತಿಯೊಂದಿದೆ. ಮುಪ್ಪಿನಲ್ಲಿ ಮರೆವಿಗೆ ಸಿಲುಕಿದ್ದ ಅವರ ತಂದೆ, ಎಳೆಯ ವಯಸ್ಸಿನಲ್ಲಿ ತೀರಿಹೋದ ಹಿರಿಯ ಮಗಳ ಚಿತ್ರ ನೋಡಿ, ಅವಳಿಗೆ ಏನಾಯಿತೆಂಬುದು ನೆನಪಾಗುತ್ತಿಲ್ಲ ಎಂದರಂತೆ. ನೋವು ಮರೆತುದು ಹಿತವೇ? ಆ ಮರೆವಿನಲ್ಲಿ ಮಗಳ ಕಥೆಯೂ ಕರಗಿತ್ತಲ್ಲ!

ನಮ್ಮ ಮನೆಯವರು ಲಿಂಗೈಕ್ಯರಾಗಿ ಒಂದು ವರ್ಷ. ಮಗು ಅತ್ತೀತೆಂದು ಮನೆಯಲ್ಲಿ ಯಾರೂ ಅವರ ಹೆಸರೆತ್ತುತ್ತಿರಲಿಲ್ಲ. ಪುಸ್ತಕವನ್ನು ಮಗು ಓದಲಿ, ಓದುವಾಗ ನಾವು ಬಳಿಯಿರುತ್ತೇವೆ ಎಂದು ಸೊಸೆಗೆ ತಿಳಿಸಿದೆವು. ಕೂಸಿನ ಪ್ರಸಂಗ ಬಂದ ಸಂಜೆ ಮೊಮ್ಮಗಳು ಪುಸ್ತಕ ಮಡಿಸಿ, “ಅಜ್ಜಾ, ಅಮ್ಮಮ್ಮನಿಗೆ ಕೊನೆಗೆ ಬಹಳ ನೋವಿತ್ತೇನು?” ಎಂದಳು. ಇದ್ದುದನ್ನು ಇದ್ದಂತೆ ಹೇಳಿದೆವು. ಅವಳು ಅತ್ತಳು, ಬಳಿಕ ಅಮ್ಮಮ್ಮನ ಕೈಯ ಹೋಳಿಗೆಯ ಮಾತು ತೆಗೆದಳು. ಅಡುಗೆಮನೆಯಿಂದ ಸೊಸೆಯೂ ಬಂದು ಕುಳಿತಳು.

ಮನೆಯ ನೆನಪನ್ನೆಲ್ಲ ಒಬ್ಬ ಮುದುಕನ ಮೇಲೆ ಹೊರಿಸಿ ಉಳಿದವರು ನೆಮ್ಮದಿಯಿಂದಿರುವುದು ಸಲ್ಲದು. ಮಕ್ಕಳು ಕಠಿಣವಾದುದನ್ನು ಓದಿದರೆ ಹೆದರಬೇಕಾಗಿಲ್ಲ; ಅವರ ಪಕ್ಕದಲ್ಲಿ ಹಿರಿಯರೊಬ್ಬರು ಕುಳಿತಿರಲಿ, ಕೇಳಿದ ಪ್ರಶ್ನೆಗೆ ನಿಜವನ್ನು ನುಡಿಯಲಿ.