ನಮ್ಮ ಗಾಡಿಯ ಮುಳ್ಳು

ಪ್ರಬಂಧಕ್ಕೆ ವಸ್ತುವಾಗಲು ಬೆಳದಿಂಗಳಿದೆ, ಮಳೆಯಿದೆ, ಹಾಸ್ಟೆಲ್ಲಿನ ಸಾರಿದೆ. ನಾನೋ ಕಾರಿನ ಪೆಟ್ರೋಲ್ ಮುಳ್ಳನ್ನು ಕುರಿತು ಬರೆಯಹೊರಟಿದ್ದೇನೆ. ಸಹಪಾಠಿಗಳು ನಗಬಹುದು. ಆದರೆ ನನ್ನ ಬಿ.ಎ. ಓದು ಈ ಮುಳ್ಳಿನ ಮೇಲೆಯೇ ನಡೆದುಬಂದಿದೆಯೆಂದರೆ ಅತಿಶಯೋಕ್ತಿಯಲ್ಲ.

ನಮ್ಮ ತಂದೆಯವರು ಬಾಡಿಗೆ ಕಾರು ಓಡಿಸುವವರು. ಹಾಸನದಿಂದ ಸಕಲೇಶಪುರದ ಕಡೆಗೆ, ಒಮ್ಮೊಮ್ಮೆ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಅವರ ತಿರುಗಾಟ. ಬಂಕಿನಲ್ಲಿ ಅವರು 'ಫುಲ್' ಎಂದದ್ದನ್ನು ನಾನು ಕೇಳಿಯೇ ಇಲ್ಲ. 300 ರೂಪಾಯಿಗೆ ಹಾಕಿಸುವುದು. ಕೆಂಪು ದೀಪ ಹೊತ್ತಿದ ಮೇಲೂ ಮುಂದಿನ ಬಾಡಿಗೆಯವರೆಗೆ ಓಡಿಸುವುದು.

"ಟ್ಯಾಂಕು ಬರಿದು ಮಾಡಿದರೆ ಗಾಡಿ ಕೆಡುತ್ತದಂತೆ, ಅಪ್ಪಾ" ಎಂದು ಒಮ್ಮೆ ಪಾಂಡಿತ್ಯ ತೋರಿಸಿದೆ.

"ತುಂಬಿಸಿದ್ರೆ ಗಾಡಿಗೆ ಒಳ್ಳೇದು ಕಣೋ, ಮನೆಗಲ್ಲ" ಎಂದು ನಕ್ಕರು.

ಕಳೆದ ಮಳೆಗಾಲದಲ್ಲಿ ಘಾಟಿ ಹತ್ತಿ ಬರುವಾಗ ಗಾಡಿ ಕೆಮ್ಮಿ ನಿಂತಿತು. ಪ್ರಯಾಣಿಕರು ಗೊಣಗುತ್ತ ಬೇರೆ ಗಾಡಿ ಹತ್ತಿದರು, ಬಾಡಿಗೆ ಹೋಯಿತು. ಕ್ಯಾನಿನಲ್ಲಿ ಪೆಟ್ರೋಲು ತಂದು ಹುಯ್ದು ಹೇಗೋ ಊರು ಸೇರಿದರು. ವಾರದೊಳಗೆ ಪಂಪೇ ಸುಟ್ಟುಹೋಯಿತು.

ಗ್ಯಾರೇಜಿನ ಮೇಸ್ತ್ರಿ ಅಂದು ನನಗೆ ಮಾಡಿದ ಪಾಠ ಯಾವ ತರಗತಿಯ ಪಾಠಕ್ಕೂ ಕಡಿಮೆಯಲ್ಲ. ಹಳೆಯ ಕಾರ್ಬುರೇಟರ್ ಕಾರುಗಳಲ್ಲಿ ಪಂಪು ಸಾಮಾನ್ಯವಾಗಿ ಟ್ಯಾಂಕಿನ ಹೊರಗಿರುತ್ತಿತ್ತು. ಈಗಿನವುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೇ ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಆ ಪೆಟ್ರೋಲೇ ಅದನ್ನು ತಂಪಾಗಿಡುತ್ತದೆ, ಸವೆಯದಂತೆ ಕಾಯುತ್ತದೆ. ಮಟ್ಟ ತೀರ ಇಳಿದರೆ ಪಂಪು ಕಾಯುತ್ತದೆ. ಏರಿನಲ್ಲಿ ಉಳಿದ ಪೆಟ್ರೋಲು ಒಂದು ಬದಿಗೆ ಸರಿದರೆ ಗಾಳಿಯನ್ನು ಹೀರುತ್ತದೆ. ಡೀಸೆಲ್ ಗಾಡಿ ಪೂರ್ತಿ ಬರಿದಾದರಂತೂ ಕೊಳವೆಗೆ ಹೊಕ್ಕ ಗಾಳಿಯನ್ನು ತೆಗೆಯುವತನಕ ಇಂಜಿನ್ನು ಏಳುವುದೇ ಕಷ್ಟ. ತಳದ ಕಸ ಮೇಲೇರುತ್ತದೆಂಬ ಭಯ ಮಾತ್ರ ಬಹುಮಟ್ಟಿಗೆ ಸುಳ್ಳು; ಪಂಪು ಯಾವಾಗಲೂ ತಳದಿಂದಲೇ ಹೀರುತ್ತದೆ. ಒಂದೆರಡು ಸಲಕ್ಕೆ ಏನೂ ಆಗದು. ಅಭ್ಯಾಸವಾದರೆ ಪಂಪಿನ ಆಯುಸ್ಸು ಕುಗ್ಗುತ್ತದೆ.

ತಂದೆಯವರು ಗಾಡಿ ಕಲಿತದ್ದು ಯಜಮಾನರೊಬ್ಬರ ಹಳೆಯ ಅಂಬಾಸಿಡರಿನಲ್ಲಿ. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಅದು ಕಲಿಸಿದ ಅಭ್ಯಾಸ ನಿಲ್ಲಲಿಲ್ಲ.

ಪಂಪಿಗೆ ತೆತ್ತ ಹಣದಲ್ಲಿ ನನ್ನ ಪರೀಕ್ಷಾ ಶುಲ್ಕವೂ ಸೇರಿತ್ತು. ಕಡೆಯ ದಿನ ತಾಯಿಯವರು ಸ್ವಸಹಾಯ ಸಂಘದಿಂದ ಸಾಲ ತಂದುಕೊಟ್ಟರು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಲೆಕ್ಕ ಹಾಕಿದೆ. ಮುಳ್ಳು ಅರ್ಧದಲ್ಲಿದ್ದರೂ ಕೆಂಪಿನಲ್ಲಿದ್ದರೂ ದಿನಕ್ಕೆ ಸುಡುವ ಪೆಟ್ರೋಲು ಅಷ್ಟೇ, ಹಾಕಿಸುವ 300 ರೂಪಾಯಿಯೂ ಅಷ್ಟೇ. ಮೊದಲ ಒಂದು ಸಲ ಅರ್ಧ ಟ್ಯಾಂಕು ತುಂಬಿಸುವ ಹಣ ಮಾತ್ರ ಹೆಚ್ಚಿಗೆ ಬೇಕು. ಆ ಒಂದು ಸಲದ ಹಣ ನಮ್ಮ ಮನೆಯಲ್ಲಿ ಎಂದೂ ಕೂಡಿರಲಿಲ್ಲ. ಕೂಡಿದಾಗಲೆಲ್ಲ ಅದು ನನ್ನ ಪುಸ್ತಕವೋ ಬಸ್ ಪಾಸೋ ಆಗಿಬಿಟ್ಟಿತ್ತು. ಮೂರು ವರ್ಷ ತಂದೆಯವರಿಗೆ ನಾನು ಹೇಳಿದ ಬುದ್ಧಿವಾದವೆಲ್ಲ ಅವರ ಬರಿದಾದ ಟ್ಯಾಂಕಿನ ಖರ್ಚಿನಲ್ಲಿಯೇ ಕಲಿತದ್ದು!

ನೆರೆಯ ಮಕ್ಕಳಿಗೆ ಪಾಠ ಹೇಳಿ ಕೂಡಿಸಿದ ಹಣವನ್ನು ಈ ದೀಪಾವಳಿಗೆ ಬಂಕಿನಲ್ಲಿ ಕೊಟ್ಟೆ. ತಂದೆಯವರು ಏನೂ ಹೇಳಲಿಲ್ಲ. ಈಗ ಮುಳ್ಳು ಅರ್ಧದ ಆಸುಪಾಸಿನಲ್ಲಿಯೇ ಇದೆ. ಆದರೂ ಅವರು ಹಳೆಯ ಅಭ್ಯಾಸದಿಂದ ಆಗಾಗ ಬಗ್ಗಿ ನೋಡುತ್ತಾರೆ. ನೋಡಿ, ನಂಬಲಾರದವರಂತೆ ಮತ್ತೊಮ್ಮೆ ನೋಡುತ್ತಾರೆ.