ಒಡೆದ ಗಾಜಿಗೆ ಹಲಗೆ

2020ರ ಅಕ್ಟೋಬರ್. ಕಾಗಿಣಾ ತುಂಬಿ ಮಳಖೇಡದ ಸೇತುವೆ ಮುಳುಗಿದ ವಾರವೇ ಆದಿತ್ಯನಗರದ ನನ್ನ ಬಳೆ ಅಂಗಡಿಯ ಮುಂದಿನ ಗಾಜು ಗಾಳಿಗೆ ಒಡೆಯಿತು. ಕಲಬುರಗಿಯಿಂದ ಹೊಸದು ತರಲು ದಾರಿ ಬಂದ್. ದಸರೆಗೆಂದು ಸಾಲ ಮಾಡಿ ತಂದ ಮಾಲೆಲ್ಲ ಒಳಗೆ.

ಸುತ್ತಿಗೆ ಹಿಡಿದು ನಾನೇ ನಿಂತೆ. "ಮೊಳಿ ಬಡೀಬ್ಯಾಡವ್ವ, ಅದುರಿದ್ರ ಉಳಿದ ಗಾಜೂ ಬೀಳ್ತದ" ಎಂದರು ಬಡಿಗೇರ ಕಾಕಾ. ಕೈಗೆ ಗೋಣಿತಾಟು ಸುತ್ತಿಕೊಂಡು, ತೂಗಾಡುವ ಚೂರುಗಳನ್ನು ಮೇಲಿನಿಂದ ಒಂದೊಂದಾಗಿ ಬಿಡಿಸಿದರು. ಆಮೇಲೆ ಪ್ಲೈವುಡ್ ಹಲಗೆಯನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದರು.

ರಾತ್ರಿ ನಿದ್ದೆಯೇನೋ ಬಂತು. ಬೆಳಗ್ಗೆ ನೋಡಿದರೆ ಅಂಗಡಿ ಬಾಗಿಲು ಹಾಕಿದ ಹಾಗಿದೆ! ಗಿರಾಕಿಗಳು ಹಾಗೇ ಮುಂದೆ ಹೋಗುತ್ತಿದ್ದರು. ಮಗಳು ಸೀಮೆಸುಣ್ಣದಲ್ಲಿ ಹಲಗೆ ತುಂಬ ಬರೆದಳು: "ಅಂಗಡಿ ಚಾಲೂ ಅದ, ಒಳಗ ಬರ್ರಿ." ಮೊದಲು ಬಂದಾಕೆ ಒಂದು ಡಜನ್ ಹಸಿರು ಬಳೆ ಇಡಿಸಿಕೊಂಡಳು.