ಕಾಣದ ಒಕ್ಕಲು

ತುಮಕೂರಿನಿಂದ ಉತ್ತರಕ್ಕೆ ಹೊರಟವನು ಕೊರಟಗೆರೆ, ಮಧುಗಿರಿಗಳನ್ನು ದಾಟುವಷ್ಟರಲ್ಲಿ ತೆಂಗು, ಅಡಿಕೆಗಳ ಹಸಿರು ತೆಳುವಾಗುತ್ತದೆ. ಪಶ್ಚಿಮದ ಶಿರಾ, ಉತ್ತರದ ಪಾವಗಡಗಳ ಕಡೆಗೆ ಸಾಗಿದಂತೆ ಬಂಡೆಗುಡ್ಡಗಳೂ ಅವುಗಳ ತಪ್ಪಲಿನ ಕೆಂಪು ಹೊಲಗಳೂ ಎದುರಾಗುತ್ತವೆ. ಅಲ್ಲಿನ ಕಡಲೆಕಾಯಿ ಮಳೆಯನ್ನೇ ನಂಬಿದ ಬೆಳೆ. ಮಳೆ ಕೈಕೊಟ್ಟರೆ ಸಾಲ ತಂದು ಹಾಕಿದ ಗೊಬ್ಬರವೆಲ್ಲ ಮಣ್ಣುಪಾಲು. ಮಳೆ ಬಂದ ವರ್ಷದಲ್ಲಿಯೂ ಈ ಮಾತು ಒಂದು ಅರ್ಥದಲ್ಲಿ ನಿಜವೇ.

ಬೇರು ಬೆಳೆಯಲು, ಕಾಳು ಕಟ್ಟಲು ಸಸ್ಯಕ್ಕೆ ರಂಜಕ ಬೇಕು. ಸೂಪರ್ ಫಾಸ್ಫೇಟ್ ರೂಪದಲ್ಲಿಯೋ ಡಿ.ಎ.ಪಿ. ರೂಪದಲ್ಲಿಯೋ ಹೊಲಕ್ಕೆ ಬಿದ್ದ ರಂಜಕವನ್ನು ಕೆಂಪು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗಳು ಬೇಗನೆ ಹಿಡಿದಿಟ್ಟುಕೊಳ್ಳುತ್ತವೆ. ಆ ಸಲದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲು ಪಾಲಿಗಿಂತ ಕಡಿಮೆ. ಉಳಿದುದು ಬೇರಿನ ಮಗ್ಗುಲಲ್ಲೇ ಇರುತ್ತದೆ. ಆದರೆ ನೀರಿನಲ್ಲಿ ಕರಗದು, ಕರಗದುದನ್ನು ಬೇರು ಹೀರಲಾರದು. ತುಂಬಿದ ಕಣಜದ ಬಾಗಿಲಲ್ಲಿ ಹಸಿದು ಕುಳಿತವನ ಪಾಡು ಸಸ್ಯದ್ದು.

ಈ ಕಣಜದ ಬೀಗ ತೆಗೆಯಬಲ್ಲ ಜೀವಿಗಳು ಮಣ್ಣಿನಲ್ಲಿಯೇ ಇವೆ. ಅವುಗಳನ್ನು ಗುರುತಿಸುವ ಸುಲಭ ವಿಧಾನವೊಂದನ್ನು ರಷ್ಯದ ವಿಜ್ಞಾನಿ ಪಿಕೋವ್‌ಸ್ಕಯಾ 1948ರಲ್ಲಿ ಪ್ರಕಟಿಸಿದರು. ಕರಗದ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆತು ಹಾಲಿನಂತೆ ಬೆಳ್ಳಗಿರುವ ಆಹಾರದ ಪದರದ ಮೇಲೆ, ಮಣ್ಣನ್ನು ಕದಡಿದ ನೀರನ್ನು ಹರಡಬೇಕು. ಕೆಲವು ದಿನಗಳಲ್ಲಿ ಕೆಲವು ಸೂಕ್ಷ್ಮಜೀವಿಗಳ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ. ಅವು ಸ್ರವಿಸಿದ ಆಮ್ಲ ಅಲ್ಲಿನ ಫಾಸ್ಫೇಟನ್ನು ಕರಗಿಸಿರುತ್ತದೆ. ಕಣ್ಣಿಗೆ ಕಾಣದವರ ದುಡಿಮೆ ಹೀಗೆ ಕಣ್ಣಿಗೆ ಕಾಣುತ್ತದೆ. ಬ್ಯಾಸಿಲಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಗಳಲ್ಲಿ ಹಲವು ಈ ಗುಂಪಿನವು. ಬೇರಿನೊಳಗೆ ಮನೆಮಾಡುವ ಒಂದು ಬಗೆಯ ಶಿಲೀಂಧ್ರದ ದಾರಿ ಬೇರೆ. ಅದು ಬೇರು ಮುಟ್ಟಲಾರದ ಎಡೆಗೂ ತನ್ನ ಎಳೆಗಳನ್ನು ಚಾಚಿ ರಂಜಕವನ್ನು ಹೊತ್ತು ತರುತ್ತದೆ. ಕೂಲಿಯಾಗಿ ಸಸ್ಯದಿಂದ ಸಕ್ಕರೆ ಪಡೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಇಂತಹ ಶಿಲೀಂಧ್ರಗಳ ಅಧ್ಯಯನದಲ್ಲಿ ದಶಕಗಳನ್ನೇ ಕಳೆದರು.

ಕಡಲೆಕಾಯಿಯ ನಡುನಡುವೆ ತೊಗರಿಯನ್ನು ಅಕ್ಕಡಿಯಾಗಿ ಬಿತ್ತುವುದು ಈ ಸೀಮೆಯ ಹಳೆಯ ರೂಢಿ. ತೊಗರಿಯ ಬೇರು ತಾನೇ ಆಮ್ಲ ಸ್ರವಿಸಿ, ಕಬ್ಬಿಣದ ಹಿಡಿತದಲ್ಲಿರುವ ರಂಜಕವನ್ನು ಬಿಡಿಸಿಕೊಳ್ಳುತ್ತದೆಂದು ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದು 1990ರಲ್ಲಿ. ಹಿರಿಯರಿಗೆ ಆಮ್ಲದ ಹೆಸರು ತಿಳಿದಿರಲಿಲ್ಲ. ಹೊಲದ ಗುಣ ತಿಳಿದಿತ್ತು.

ರಂಜಕ ಕರಗಿಸುವ ಜೀವಿಗಳು ಈಗ ಪೊಟ್ಟಣಗಳಲ್ಲಿ ದೊರೆಯುತ್ತವೆ. ಅವನ್ನು ಮಂತ್ರದ ಪುಡಿಯೆಂದು ತಿಳಿದವರು ಮೋಸಹೋಗುತ್ತಾರೆ. ಅವು ರಂಜಕವನ್ನು ಸೃಷ್ಟಿಸವು, ಇರುವುದನ್ನು ಬಿಡಿಸಿಕೊಡುತ್ತವೆ, ಅಷ್ಟೆ. ಅಂಗಡಿಯ ಮುಂದೆ ಬಿಸಿಲಿಗೆ ಬಿದ್ದ ಪೊಟ್ಟಣದಲ್ಲಿ ಹೆಚ್ಚು ಜೀವ ಉಳಿದಿರುವುದಿಲ್ಲ. ಕೊಟ್ಟಿಗೆ ಗೊಬ್ಬರ ಕಾಣದ ಹೊಲದಲ್ಲಿ ಅವಕ್ಕೆ ತಿನ್ನಲು ಏನಿದೆ? ದನಗಳು ಕಡಮೆಯಾಗಿ ತಿಪ್ಪೆ ಬರಿದಾದ ಮನೆಯವರಿಗೆ ನಿಜವಾದ ತೊಡಕು ಇರುವುದು ಇಲ್ಲಿಯೇ.

ಬಿತ್ತುವ ದಿನ ಬೆಳಿಗ್ಗೆ ರೈತನು ಬೆಲ್ಲದ ಪಾಕದಲ್ಲಿ ಪುಡಿಯನ್ನು ಕಲಸಿ, ಸಿಪ್ಪೆ ಕಳಚದಂತೆ ಹಗುರವಾಗಿ ಬೀಜಕ್ಕೆ ಸವರಿ, ನೆರಳಿನಲ್ಲಿ ಹರಡುತ್ತಾನೆ. ಅನಂತರ ಎಂದಿನಂತೆ ಮುಗಿಲನ್ನು ನೋಡುತ್ತಾನೆ. ನೆಲದಲ್ಲಿ ತೇವವಿಲ್ಲದಿದ್ದರೆ ಆ ಕಾಣದ ಒಕ್ಕಲೂ ಕೆಲಸಕ್ಕಿಳಿಯದು.